ಹತ್ತು ತಿಂಗಳಾದರೂ ಅಳು ಬರುತ್ತೆ, ನಾನು ಹಿಂದೆ ಬಿದ್ದೆನಾ?

ಪ್ರಶ್ನೆ: ನನಗೆ 34 ವರ್ಷ. ಏಳು ವರ್ಷದ ಮದುವೆ ಮುರಿದು ಹತ್ತು ತಿಂಗಳಾಯಿತು. ಹೊರಗೆ ಬರುವ ನಿರ್ಧಾರ ನನ್ನದೇ. ಮೊದಲ ಮೂರು ತಿಂಗಳು ಗಟ್ಟಿಯಾಗಿಯೇ ಇದ್ದೆ. ಮನೆ ಬದಲಿಸಿದೆ, ಕಾಗದಪತ್ರದ ಓಡಾಟ ಮುಗಿಸಿದೆ, ಎಲ್ಲರೂ ಮೆಚ್ಚಿಕೊಂಡರು. ಎಲ್ಲ ಮುಗಿದ ಮೇಲೆ ಕುಸಿದುಬಿಟ್ಟೆ. ಬೇಗ ಸರಿಹೋಗಬೇಕು ಅಂತ ಬೆಳಿಗ್ಗೆ ಐದಕ್ಕೆ ಏಳುವುದು, ವ್ಯಾಯಾಮ, ಧ್ಯಾನ, ಡೈರಿ, ಒಂದು ಆನ್‌ಲೈನ್ ಕೋರ್ಸ್ ಎಲ್ಲ ಒಟ್ಟಿಗೆ ಶುರು ಮಾಡಿದೆ. ಮೂರು ವಾರಕ್ಕೆ ಎಲ್ಲ ಬಿಟ್ಟುಹೋಯಿತು. ಕಳೆದ ವಾರ ಒಂದು ಹಳೆಯ ಬಿಲ್ಲಿನ ಮೇಲೆ ಅವರ ಹೆಸರು ಕಂಡಿತು. ಆಫೀಸಿನ ಬಾತ್‌ರೂಮಿನಲ್ಲಿ ಅರ್ಧ ಗಂಟೆ ಅತ್ತೆ. ಆಮೇಲೆ ಮುಖ ತೊಳೆದು ಬಂದು ಉಳಿದ ಕೆಲಸ ಮುಗಿಸಿದೆ. ನನ್ನ ಹಾಗೆಯೇ ಬೇರೆಯಾದ ಗೆಳತಿಯೊಬ್ಬಳು ಆಗಲೇ ಹೊಸ ಕೆಲಸ ಹಿಡಿದು ನಗುನಗುತ್ತಾ ಓಡಾಡಿಕೊಂಡಿದ್ದಾಳೆ. ಅಮ್ಮ 'ಇನ್ನೂ ಎಷ್ಟು ದಿನ ಹೀಗೆ?' ಅಂತ ಕೇಳುತ್ತಾರೆ. ಮುಂದಿನ ತಿಂಗಳು ನಮ್ಮ ಮದುವೆಯ ದಿನ ಬರುತ್ತೆ, ಅಷ್ಟರೊಳಗೆ ಸರಿಹೋಗಬೇಕು ಅಂತಿದ್ದೇನೆ. 'ನಿನಗೆ ನೀನೇ ಟೈಮ್ ಕೊಟ್ಕೋ' ಅಂತ ಕೆಲವರು ಹೇಳುತ್ತಾರೆ. ಅದು ಸೋಮಾರಿತನಕ್ಕೆ ಇಟ್ಟ ಚೆಂದದ ಹೆಸರು ಅಲ್ವಾ? ಟೈಮ್ ಕೊಡೋದು ಅಂದ್ರೆ ನಿಜಕ್ಕೂ ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಸಾಲನ್ನು ನೀವು ಗಡಿಬಿಡಿಯಲ್ಲಿ ದಾಟಿ ಹೋಗಿದ್ದೀರಿ. 'ಆಮೇಲೆ ಮುಖ ತೊಳೆದು ಬಂದು ಉಳಿದ ಕೆಲಸ ಮುಗಿಸಿದೆ.' ಅತ್ತಿದ್ದರ ಬಗ್ಗೆ ನಿಮಗೆ ನಾಚಿಕೆಯಿದೆ. ಎದ್ದು ಬಂದದ್ದರ ಬಗ್ಗೆ ಏನೂ ಅನಿಸಿಲ್ಲ. ನನಗೆ ಇಡೀ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಅದೇ ಸಾಲು. ಆರು ತಿಂಗಳ ಹಿಂದೆ ಇದೇ ಬಿಲ್ಲು ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತು, ಒಮ್ಮೆ ಯೋಚಿಸಿ ನೋಡಿ. ಅರ್ಧ ದಿನ ರಜೆ ಹಾಕಿ ಮನೆಗೆ ಹೋಗುತ್ತಿದ್ದಿರಾ? ವಾರವಿಡೀ ಅದೇ ತಲೆಯಲ್ಲಿ ಸುತ್ತುತ್ತಿತ್ತಾ? ಚೇತರಿಕೆ ಮೊದಲು ಕಾಣಿಸುವುದು ಸಾಮಾನ್ಯವಾಗಿ ಇಲ್ಲೇ. ಅಳು ಇನ್ನೂ ಬರುತ್ತಲೇ ಇರುತ್ತದೆ. ಅದರಿಂದ ಎದ್ದು ಬರಲು ಹಿಡಿಯುವ ಹೊತ್ತು ಮಾತ್ರ ಕಡಿಮೆಯಾಗುತ್ತಾ ಬರುತ್ತದೆ. ಹೊರಗಿನವರಿಗೆ ಇದು ಕಾಣುವುದಿಲ್ಲ. ಎಷ್ಟೋ ಸಲ ನಮಗೇ ಕಾಣುವುದಿಲ್ಲ.

ಮೂರು ತಿಂಗಳು ಗಟ್ಟಿಯಾಗಿದ್ದು ಆಮೇಲೆ ಕುಸಿದದ್ದಕ್ಕೆ ನೀವು ತುಂಬಾ ಬೇಜಾರು ಮಾಡಿಕೊಂಡಿದ್ದೀರಿ, ಹಿಂದಕ್ಕೆ ಹೋದೆ ಅಂದುಕೊಂಡಿದ್ದೀರಿ. ಸಮಾಲೋಚನೆಗೆ ಬರುವವರಲ್ಲಿ ಇದನ್ನು ನಾವು ಪದೇ ಪದೇ ನೋಡುತ್ತೇವೆ. ಮನೆ ಹುಡುಕಬೇಕು, ಸಹಿ ಹಾಕಬೇಕು, ಸಾಮಾನು ಸಾಗಿಸಬೇಕು ಅನ್ನುವಾಗ ಮೈಮನಸ್ಸು ತುರ್ತಿನ ಕೆಲಸಕ್ಕೆ ನಿಂತಿರುತ್ತವೆ. ದುಃಖಪಡಲು ಪುರುಸೊತ್ತಿರುವುದಿಲ್ಲ. ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಕೂರಲು ಒಂದು ಜಾಗ ಸಿಕ್ಕ ಮೇಲೆ, ಅಲ್ಲಿಯವರೆಗೆ ಕಾದು ನಿಂತಿದ್ದದ್ದೆಲ್ಲ ಒಳಗೆ ಬರುತ್ತದೆ. ಆಘಾತದಿಂದ ಚೇತರಿಸಿಕೊಳ್ಳುವವರ ಬಗ್ಗೆ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಬರೆದಾಗ ಸುರಕ್ಷಿತವಾಗಿರುವುದನ್ನು ಮೊದಲ ಹಂತದಲ್ಲಿ ಇಟ್ಟರು. ನಡೆದದ್ದನ್ನು ನೆನೆದು ದುಃಖಪಡುವುದು ಅದರ ನಂತರದ್ದು. ನಿಮ್ಮ ವಿಷಯದಲ್ಲೂ ಅದೇ ಕ್ರಮ ಕಾಣುತ್ತಿದೆ. ಕೂತು ಅಳಬಹುದಾದ ಜಾಗವನ್ನು ನೀವೇ ಕಟ್ಟಿಕೊಂಡಿರಿ, ಆಮೇಲೆ ಅಳು ಬಂತು.

ಇನ್ನು ದೇಹದ ಗಾಯದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಅಲ್ಲಿ ಎಲ್ಲವನ್ನೂ ಅಳತೆ ಹಾಕಿ ನೋಡಿದ್ದಾರೆ. ಚರ್ಮ ಆಳವಾಗಿ ಕೊಯ್ದುಕೊಂಡರೆ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಕೆಲವು ದಿನ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ಇರುತ್ತದೆ. ನೋಡಿದರೆ ಗಾಯ ಜಾಸ್ತಿಯಾದಂತೆ ಕಾಣುತ್ತದೆ. ಅಸಲಿಗೆ ಅಲ್ಲಿ ರಕ್ತದ ಬಿಳಿ ಕಣಗಳು ಬಂದು ಸತ್ತ ಅಂಗಾಂಶವನ್ನು ತೆಗೆಯುವ ಕೆಲಸ ಮಾಡುತ್ತಿರುತ್ತವೆ. ನಂತರ ಹೊಸ ಅಂಗಾಂಶ ತುಂಬಿಕೊಂಡು ಗಾಯ ಮುಚ್ಚುತ್ತದೆ. ಮೇಲಿಂದ ನೋಡಿದವರು 'ವಾಸಿಯಾಯ್ತಲ್ಲ' ಅನ್ನುವುದು ಆಗ. ಆದರೆ ಮೂರು ವಾರದ ಹೊತ್ತಿಗೆ ಆ ಜಾಗದ ಬಲ ಮೊದಲಿನ ಚರ್ಮದ ಬಲದ ಮೂರನೇ ಒಂದು ಭಾಗವನ್ನೂ ಮುಟ್ಟಿರುವುದಿಲ್ಲ. ಒಳಗೆ ಎಳೆಗಳನ್ನು ಕಿತ್ತು ಮತ್ತೆ ಹೆಣೆಯುವ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ, ಕೆಲವೊಮ್ಮೆ ವರ್ಷ ದಾಟುತ್ತದೆ. ಅಷ್ಟಾದ ಮೇಲೂ ಬಲ ಸುಮಾರು ಶೇ 80ಕ್ಕೆ ಬಂದು ನಿಲ್ಲುತ್ತದೆ. ನಿಮ್ಮ ಅಮ್ಮ ನೋಡುತ್ತಿರುವುದು ಮುಚ್ಚಿದ ಚರ್ಮವನ್ನು. ನೀವು ಬದುಕುತ್ತಿರುವುದು ಅದರ ಕೆಳಗಿನ ಹೆಣಿಗೆಯ ಜೊತೆ.

ಇದಕ್ಕೆ ಸಂಬಂಧಪಟ್ಟ ಒಂದು ಪ್ರಯೋಗ ನನಗೆ ಆಗಾಗ ನೆನಪಾಗುತ್ತದೆ. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಜೊತೆಗಾರರು 1995ರಲ್ಲಿ ಪ್ರಕಟಿಸಿದ್ದು. ಮರೆವಿನ ಕಾಯಿಲೆ ಬಂದ ಮನೆಯವರನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರನ್ನು ಆರಿಸಿದರು. ಹೆಚ್ಚುಕಡಿಮೆ ಅದೇ ವಯಸ್ಸಿನ, ಆ ಹೊರೆ ಇಲ್ಲದ 13 ಮಹಿಳೆಯರನ್ನು ಇನ್ನೊಂದು ಗುಂಪಿನಲ್ಲಿ ಇಟ್ಟರು. ಪ್ರತಿಯೊಬ್ಬರ ಚರ್ಮದ ಮೇಲೂ 3.5 ಮಿಲಿಮೀಟರ್ ಅಗಲದ ಒಂದೇ ಅಳತೆಯ ಚಿಕ್ಕ ಗಾಯ ಮಾಡಿ, ಅದು ಪೂರ್ತಿ ವಾಸಿಯಾಗುವವರೆಗೆ ಫೋಟೊ ತೆಗೆಯುತ್ತಾ ಹೋದರು. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ನೊರೆ ಬರುವುದು ನಿಂತರೆ ಗಾಯ ವಾಸಿಯಾಗಿದೆ ಅಂತ ಲೆಕ್ಕ. ಹೊರೆ ಇಲ್ಲದವರಿಗೆ ಸರಾಸರಿ 39 ದಿನ ಹಿಡಿಯಿತು. ಹಗಲು ರಾತ್ರಿ ಆರೈಕೆಯ ಒತ್ತಡದಲ್ಲಿದ್ದವರಿಗೆ ಸುಮಾರು 49 ದಿನ. ಗಾಯದ ಅಳತೆ ಒಂದೇ. ಸುತ್ತಲಿನ ಬದುಕು ಬೇರೆ, ಅಷ್ಟೇ.

ಮನಸ್ಸಿನ ನೋವಿಗೆ ಈ ದಿನಗಳ ಲೆಕ್ಕವನ್ನು ನೇರವಾಗಿ ಅಂಟಿಸಲು ಬರುವುದಿಲ್ಲ. ಆದರೂ ನಿಮ್ಮ ಗೆಳತಿಯ ಬಗ್ಗೆ ನನ್ನ ಉತ್ತರ ಇದರಲ್ಲೇ ಇದೆ. ಒಂದೇ ಥರದ ಗಾಯ ಅಂತ ಹೊರಗಿನಿಂದ ಕಂಡರೂ ಅವಳ ಮೇಲಿರುವ ಹೊರೆ ಯಾವುದು, ನಿಮ್ಮ ಮೇಲಿರುವುದು ಯಾವುದು, ಅವಳ ಮದುವೆ ಒಳಗೊಳಗೇ ಯಾವಾಗ ಮುಗಿದಿತ್ತು, ಇದ್ಯಾವುದೂ ನಮಗೆ ಗೊತ್ತಿಲ್ಲ. ಕೆಲವರು ಮನೆಯಿಂದ ಹೊರಡುವ ಎರಡು ವರ್ಷ ಮೊದಲೇ ಅತ್ತು ಮುಗಿಸಿರುತ್ತಾರೆ.

ನಿಮ್ಮ ಮೇಲೆ ಒಂದು ಹೊರೆ ಮಾತ್ರ ಪತ್ರದಲ್ಲೇ ಎದ್ದು ಕಾಣುತ್ತದೆ. ನೀವು ಎರಡು ಕೆಲಸ ಮಾಡುತ್ತಿದ್ದೀರಿ. ಒಂದು, ನೋವನ್ನು ಹೊರುವುದು. ಇನ್ನೊಂದು, 'ಇನ್ನೂ ಯಾಕೆ ಹೋಗಿಲ್ಲ' ಅಂತ ಆ ನೋವನ್ನು ದಿನಕ್ಕೆ ಹತ್ತು ಸಲ ತಪಾಸಣೆ ಮಾಡುವುದು. ಮೊದಲನೆಯದನ್ನು ಬಿಡಿಸಲು ಯಾರಿಂದಲೂ ಆಗುವುದಿಲ್ಲ. ಎರಡನೆಯದನ್ನು ಕೆಳಗಿಡಬಹುದು. ಟೈಮ್ ಕೊಡೋದು ಅಂದ್ರೆ ಏನು ಅಂತ ಕೇಳಿದಿರಲ್ಲ, ಮುಕ್ಕಾಲು ಪಾಲು ಇದೇ. ಕ್ಯಾಲೆಂಡರಿನಲ್ಲಿ ದಿನ ಸೇರಿಸಿಕೊಂಡು ಕಾಯುತ್ತಾ ಕೂರಬೇಕಿಲ್ಲ. ಅದೇ ದಿನಗಳನ್ನು ಈ ತಪಾಸಣೆಯಿಲ್ಲದೆ ಕಳೆಯಬೇಕು.

'ಹಾಗೆ ಬಿಟ್ಟರೆ ಸೋಮಾರಿ ಆಗಿಬಿಡ್ತೀನಿ' ಅನ್ನುವ ಭಯ ನಿಮ್ಮ ಪ್ರಶ್ನೆಯ ಅಡಿಯಲ್ಲಿದೆ. ಇದು ಬಹಳ ಜನರ ಭಯ. ಬೈಯದಿದ್ದರೆ ನಾನು ಕದಲುವುದಿಲ್ಲ ಅಂತ ಚಿಕ್ಕಂದಿನಿಂದ ಕಲಿತುಬಿಟ್ಟಿರುತ್ತೇವೆ. ಜುಲಿಯಾನಾ ಬ್ರೈನ್ಸ್ ಮತ್ತು ಸೆರಿನಾ ಚೆನ್ ಎಂಬ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಭಾಗ ಇದನ್ನೇ ಪರೀಕ್ಷಿಸಿತು. ವಿದ್ಯಾರ್ಥಿಗಳಿಗೆ ಬೇಕಂತಲೇ ಕಷ್ಟದ ಪದಪರೀಕ್ಷೆ ಕೊಟ್ಟರು, ಸಹಜವಾಗಿಯೇ ಅವರ ಅಂಕ ಕಡಿಮೆ ಬಂತು. ಕೆಲವರಿಗೆ 'ಇದು ಕಷ್ಟದ್ದೇ, ಎಷ್ಟೋ ಜನರಿಗೆ ಹೀಗಾಗುತ್ತದೆ, ನಿಮ್ಮ ಮೇಲೆ ಕಠಿಣವಾಗಬೇಡಿ' ಅನ್ನುವ ಅರ್ಥದ ಮಾತು ಹೇಳಿದರು. ಇನ್ನು ಕೆಲವರಿಗೆ 'ನೀವು ಜಾಣರೇ' ಅನ್ನುವ ಅರ್ಥದ ಹೊಗಳಿಕೆ. ಉಳಿದವರಿಗೆ ಏನೂ ಇಲ್ಲ. ಮರುಪರೀಕ್ಷೆಗೆ ಎಷ್ಟು ಹೊತ್ತು ಬೇಕಾದರೂ ಓದಿಕೊಳ್ಳಬಹುದು ಅಂದಾಗ, ಹೆಚ್ಚು ಹೊತ್ತು ಓದಿದವರು ಆ ಮೊದಲ ಗುಂಪಿನವರು. ತನ್ನ ಮೇಲೆ ಕನಿಕರ ಇದ್ದವರು ಕೈಚೆಲ್ಲಿ ಕೂರಲಿಲ್ಲ. ನನ್ನ ಅನುಭವವೂ ಇದೇ. ತನ್ನನ್ನು ತಾನು ಬೈದುಕೊಳ್ಳುವವರು ಜೋರಾಗಿ ಶುರು ಮಾಡುತ್ತಾರೆ, ಬೇಗ ಬಿಟ್ಟುಬಿಡುತ್ತಾರೆ.

ಒಂದು ದಿನ ಚೆನ್ನಾಗಿದ್ದು ಮರುದಿನ ಮತ್ತೆ ಅದೇ ದುಃಖ ಬಂದರೆ ಮೊದಲಿಗೇ ವಾಪಸ್ ಬಂದೆ ಅನಿಸುತ್ತದೆ. ಇದಕ್ಕೆ ದುಃಖದ ಐದು ಹಂತ (ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು) ಅನ್ನುವ ಮಾತೂ ಸ್ವಲ್ಪ ಕಾರಣ. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ಹೇಳಿದ್ದು ಸಾವಿಗೆ ಹತ್ತಿರವಾಗಿದ್ದ ರೋಗಿಗಳ ಜೊತೆ ಮಾತಾಡಿ. ಆಮೇಲೆ ಜನ ಅದನ್ನು ಎಲ್ಲ ಬಗೆಯ ದುಃಖಕ್ಕೂ ಹತ್ತುವ ಮೆಟ್ಟಿಲು ಅಂತ ಮಾಡಿಕೊಂಡರು. ಮೆಟ್ಟಿಲು ಅಂದುಕೊಂಡ ಮೇಲೆ ಕೆಳಗೆ ಬಿದ್ದೆ ಅನಿಸದೆ ಇರುತ್ತದೆಯೇ? ನನಗೆ ಹೆಚ್ಚು ಸರಿ ಅನಿಸುವುದು ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಸ್ಕುಟ್ 1999ರಲ್ಲಿ ಮುಂದಿಟ್ಟ ನೋಟ. ಸಾವಿನಿಂದ ಯಾರನ್ನಾದರೂ ಕಳೆದುಕೊಂಡವರ ಬಗ್ಗೆ ಅವರು ಬರೆದದ್ದು, ಆದರೆ ಮುರಿದ ಸಂಬಂಧಗಳಲ್ಲೂ ನಾವು ಅದನ್ನೇ ಕಾಣುತ್ತೇವೆ. ಮನುಷ್ಯ ಸ್ವಲ್ಪ ಹೊತ್ತು ಕಳೆದುಕೊಂಡದ್ದರ ಕಡೆ ಮುಖ ಮಾಡುತ್ತಾನೆ. ಸ್ವಲ್ಪ ಹೊತ್ತು ಮುಂದಿನ ಬದುಕಿನ ಕಡೆ, ಬಾಡಿಗೆ ಕಟ್ಟುವುದು, ಹೊಸ ದಾರಿ ಕಲಿಯುವುದು, ನಗುವುದು. ಹೀಗೆ ಎರಡರ ನಡುವೆ ಓಡಾಡುವುದೇ ಆರೋಗ್ಯವಂತ ಚೇತರಿಕೆಯ ರೀತಿ ಅಂತ ಅವರು ಹೇಳಿದರು. ದಿನವಿಡೀ ಅಳುವುದೂ ದಣಿಸುತ್ತದೆ, ಎಂದೂ ಅಳದಿರುವುದೂ ದಣಿಸುತ್ತದೆ. ಬಾತ್‌ರೂಮಿನಿಂದ ಮೇಜಿಗೆ ನೀವು ನಡೆದು ಬಂದದ್ದು ಅಂಥದ್ದೇ ಒಂದು ಓಡಾಟ.

ಮದುವೆಯ ದಿನದ ಬಗ್ಗೆ ನೇರವಾಗಿ ಹೇಳುತ್ತೇನೆ. ಅಷ್ಟರೊಳಗೆ ಸರಿಹೋಗಬೇಕು ಅನ್ನುವ ಗಡುವನ್ನು ಇವತ್ತೇ ತೆಗೆದುಹಾಕಿ. ಬೇರೆಯಾದ ಮೇಲೆ ಬರುವ ಮೊದಲ ವರ್ಷದ ದಿನ ಅದು. ಅವತ್ತು ಭಾರವಾಗುವುದು ಸಹಜ. ಎಷ್ಟೋ ಜನರಿಗೆ ಆ ದಿನಕ್ಕಿಂತ ಅದರ ಹಿಂದಿನ ವಾರವೇ ಜಾಸ್ತಿ ಕಷ್ಟವಾಗುತ್ತದೆ. ಹಾಗಾಗಿ ಆ ವಾರ ದೊಡ್ಡ ಕೆಲಸ ಒಪ್ಪಿಕೊಳ್ಳಬೇಡಿ. ಅವತ್ತು ಸಂಜೆ ಎಲ್ಲಿರುತ್ತೀರಿ, ಯಾರ ಜೊತೆ ಇರುತ್ತೀರಿ ಅಂತ ಈಗಲೇ ತೀರ್ಮಾನಿಸಿ. ಜೊತೆ ಇರುವವರಿಗೆ ಮೊದಲೇ ಹೇಳಿ, ಸಮಾಧಾನ ಮಾಡಬೇಡ, ಸುಮ್ನೆ ಇರು ಸಾಕು ಅಂತ. ಫೋನಿನಲ್ಲಿ ಹಳೆಯ ಫೋಟೊ ತಾನಾಗಿ ಎದುರಿಗೆ ಬರುವ ಸೌಲಭ್ಯವನ್ನು ಕೆಲವು ವಾರ ನಿಲ್ಲಿಸಿಡಿ. ಅಷ್ಟು ಸಾಕು.

ಈಗ ನಿಮ್ಮ ಪ್ರಶ್ನೆಯ ಗಟ್ಟಿ ಭಾಗ. ನಿಧಾನಕ್ಕೆ ಹೋಗುವುದಕ್ಕೂ ನಿಂತೇಬಿಡುವುದಕ್ಕೂ ವ್ಯತ್ಯಾಸ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. 'ಟೈಮ್ ಕೊಟ್ಕೋ' ಅನ್ನುವವರು ಇದನ್ನು ಹೇಳದೆ ಬಿಡುವುದರಿಂದಲೇ ಆ ಮಾತು ನಿಮಗೆ ನೆಪದಂತೆ ಕೇಳುತ್ತದೆ.

ನಾನು ಮೊದಲು ನೋಡುವುದು ಬದುಕಿನ ಅಗಲವನ್ನು. ನೋವಿದ್ದರೂ ನೀವು ಹೋಗುವ ಜಾಗಗಳು, ಮಾತಾಡುವ ಜನ, ಮಾಡುವ ಕೆಲಸಗಳು ಇದ್ದಷ್ಟೇ ಇದ್ದರೆ ಅಥವಾ ಒಂದೊಂದಾಗಿ ವಾಪಸ್ ಬರುತ್ತಿದ್ದರೆ ಅದು ನಿಧಾನ. ಆ ರಸ್ತೆ ಬೇಡ, ಆ ಗೆಳೆಯರು ಬೇಡ, ಆ ಹಾಡು ಬೇಡ, ಕೊನೆಗೆ ಫೋನ್ ಎತ್ತುವುದೂ ಬೇಡ ಅಂತ ತಿಂಗಳಿಂದ ತಿಂಗಳಿಗೆ ಬದುಕು ಚಿಕ್ಕದಾಗುತ್ತಿದ್ದರೆ ಅದು ನಿಂತದ್ದು. ಬೇಡ ಅಂದ ತಕ್ಷಣ ಹಾಯೆನಿಸುತ್ತದೆ, ಅದೇ ತೊಂದರೆ. ಹಾಯೆನಿಸಿದ್ದರಿಂದ ಮುಂದಿನ ಸಲ ಇನ್ನೊಂದನ್ನು ಬೇಡ ಅನ್ನುವುದು ಸುಲಭವಾಗುತ್ತದೆ. ಹೊರಗೆ ಬರುವ ದಾರಿಯೂ ಚಿಕ್ಕದೇ. ಬಿಟ್ಟಿದ್ದರಲ್ಲಿ ಎಲ್ಲಕ್ಕಿಂತ ಸುಲಭವಾದ ಒಂದನ್ನು ಆರಿಸಿ, ಮನಸ್ಸು ಬರಲಿ ಅಂತ ಕಾಯದೆ, ಹತ್ತು ನಿಮಿಷ ಮಾಡಿ ಬರುವುದು. ಖಿನ್ನತೆಯ ಚಿಕಿತ್ಸೆಯಲ್ಲಿ ಇದನ್ನು ಒಂದು ಪೂರ್ಣ ವಿಧಾನವಾಗಿಯೇ ಬಳಸುತ್ತಾರೆ. ಮೊದಲು ಕೈಕಾಲು ಆಡುತ್ತದೆ, ಮನಸ್ಸು ಆಮೇಲೆ ಹಿಂದೆ ಬರುತ್ತದೆ.

ಎರಡನೆಯದು, ಸುಮ್ಮನೆ ಕೂತಾಗ ಒಳಗೆ ಏನು ನಡೆಯುತ್ತಿದೆ ಅನ್ನುವುದು. ಸೋಫಾ ಮೇಲೆ ಒಂದು ಗಂಟೆ ಕೂತವರಿಬ್ಬರು ಹೊರಗಿನಿಂದ ಒಂದೇ ಥರ ಕಾಣುತ್ತಾರೆ. ಒಬ್ಬರು ಕಿಟಕಿ ನೋಡುತ್ತಾ ಕೂತಿದ್ದಾರೆ, ಎದ್ದಾಗ ಸ್ವಲ್ಪ ಹಗುರವಾಗಿದ್ದಾರೆ. ಇನ್ನೊಬ್ಬರು 'ಅವತ್ತು ನಾನು ಹಾಗಂದಿರಲಿಲ್ಲ ಅಂದಿದ್ದರೆ', 'ನನ್ನಲ್ಲೇ ಏನೋ ಸರಿಯಿಲ್ಲ' ಅಂತ ಅದೇ ನಾಲ್ಕು ವಾಕ್ಯ ಅರೆಯುತ್ತಾ ಕೂತಿದ್ದಾರೆ, ಎದ್ದಾಗ ಇನ್ನಷ್ಟು ಸುಸ್ತು. ಮೊದಲನೆಯದು ವಿಶ್ರಾಂತಿ, ಎರಡನೆಯದಲ್ಲಿ ವಿಶ್ರಾಂತಿಯೇ ಇಲ್ಲ. ಮನಶ್ಶಾಸ್ತ್ರಜ್ಞೆ ಸೂಸನ್ ನೋಲನ್-ಹೋಕ್ಸೆಮಾ ವರ್ಷಗಟ್ಟಲೆ ಅಧ್ಯಯನ ಮಾಡಿದ್ದು ಈ ಅರೆಯುವಿಕೆಯನ್ನೇ, ಅದು ಖಿನ್ನತೆಯನ್ನು ಎಳೆದು ಉದ್ದ ಮಾಡುತ್ತದೆ ಅಂತ ತೋರಿಸಿದರು. ನೀವು ಅರೆಯುತ್ತಿದ್ದೀರಿ ಅಂತ ಗೊತ್ತಾದರೆ ಎದ್ದು ಜಾಗ ಬದಲಿಸಿ. ಇಲ್ಲವೇ ಕಾಗದ ತೆಗೆದು ಬರೆಯಿರಿ. ತಲೆಯೊಳಗೆ ಸುತ್ತುವ ವಾಕ್ಯಕ್ಕೆ ಕೊನೆ ಇರುವುದಿಲ್ಲ, ಬರೆದಾಗ ಎಲ್ಲಾದರೂ ಒಂದು ಕಡೆ ಪೂರ್ಣವಿರಾಮ ಬೀಳುತ್ತದೆ. ಹೀಗೆ ಬರೆಯುವುದನ್ನು ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ಪರೀಕ್ಷಿಸಿದ ರೀತಿಯೂ ಸರಳ, 15 ನಿಮಿಷದಂತೆ ನಾಲ್ಕು ದಿನ ಮಾತ್ರ. ಡೈರಿಯನ್ನು ಜನ್ಮವಿಡೀ ಬರೆಯುವ ಶಪಥ ಬೇಡ.

ಇನ್ನು ಬೆಳೆಯುವ ಮಾತು. ಐದು ಹೊಸ ಅಭ್ಯಾಸ, ಅದೂ ಕುಸಿದ ಸಮಯದಲ್ಲಿ, ಅದೂ ಒಟ್ಟಿಗೆ. ಅದು ಮುರಿದದ್ದರಲ್ಲಿ ಆಶ್ಚರ್ಯ ಇಲ್ಲ, ನಿಮ್ಮ ಇಚ್ಛಾಶಕ್ತಿಯ ದೋಷವೂ ಇಲ್ಲ. 21 ದಿನದಲ್ಲಿ ಅಭ್ಯಾಸ ಆಗುತ್ತದೆ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ, ಶಸ್ತ್ರಚಿಕಿತ್ಸೆ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕಡೇಪಕ್ಷ ಸುಮಾರು 21 ದಿನ ಬೇಕು ಅಂತ ಬರೆದದ್ದು ಬಾಯಿಂದ ಬಾಯಿಗೆ ಹೋಗಿ ಹೀಗಾಯಿತು. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿ ಲೆಕ್ಕ ಹಾಕಿದಾಗ, ಒಂದೇ ಒಂದು ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸುಮಾರು 66 ದಿನ ಬೇಕಾಗುತ್ತದೆ ಅಂತ ಬಂತು. ಅದೂ ಒಬ್ಬರಿಗೆ 18 ದಿನ, ಇನ್ನೊಬ್ಬರಿಗೆ 254 ದಿನ. ಇಷ್ಟು ವ್ಯತ್ಯಾಸ ಇರುವ ಕಡೆ ನಿಮ್ಮನ್ನು ಯಾರ ಜೊತೆ ಹೋಲಿಸುತ್ತೀರಿ? ಆ ಅಧ್ಯಯನದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು ವಿಷಯ. ಮಧ್ಯೆ ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿ ಆಗಲಿಲ್ಲ.

ನಿಮ್ಮ ಐದರಲ್ಲಿ ಒಂದನ್ನು ಇಟ್ಟುಕೊಳ್ಳಿ. ನನ್ನನ್ನು ಕೇಳಿದರೆ ವ್ಯಾಯಾಮ, ಅದೂ ನಡಿಗೆಯಷ್ಟೇ. ಐದು ಗಂಟೆಗೆ ಏಳುವುದನ್ನು ಬಿಡಿ, ನೊಂದ ಮನಸ್ಸಿಗೆ ನಿದ್ದೆ ದೊಡ್ಡ ಔಷಧಿ. ಆಫೀಸಿನಿಂದ ಬಂದು ಚಪ್ಪಲಿ ಬಿಚ್ಚುವ ಮುಂಚೆ ಹತ್ತು ನಿಮಿಷ ನಡೆದು ಬನ್ನಿ. ದಿನಾ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಹೊಸದನ್ನು ಕಟ್ಟಿಹಾಕಿದರೆ ನೆನಪಿಟ್ಟುಕೊಳ್ಳುವ ಶ್ರಮ ಉಳಿಯುತ್ತದೆ. ತೀರಾ ಕೆಟ್ಟ ದಿನಕ್ಕೂ ಒಂದು ಅಳತೆ ಈಗಲೇ ಇಟ್ಟುಕೊಳ್ಳಿ, ಬಾಗಿಲಿನವರೆಗೆ ಹೋಗಿ ಬಂದರೂ ಆಯಿತು ಅಂತ. ಕೋರ್ಸ್ ಓಡಿಹೋಗುವುದಿಲ್ಲ. ಎರಡು ಮೂರು ತಿಂಗಳಾದ ಮೇಲೆ ಆ ನಡಿಗೆ ಯೋಚಿಸದೆ ನಡೆಯುತ್ತಿದ್ದರೆ ಆಗ ಅದರ ಬಗ್ಗೆ ನೋಡೋಣ.

ನೋವು ಉಂಡವರು ಅದರಿಂದ ದೊಡ್ಡ ಮನುಷ್ಯರಾಗಿ ಹೊರಬರಬೇಕು ಅನ್ನುವ ಒತ್ತಾಯವೂ ಈಗೀಗ ಜಾಸ್ತಿಯಾಗಿದೆ. ಕಷ್ಟದ ನಂತರ ಬೆಳವಣಿಗೆ ಆಗುವುದು ನಿಜ. ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕಾಲ್ಹೂನ್ 1990ರ ದಶಕದಿಂದ ಅದನ್ನು ಅಧ್ಯಯನ ಮಾಡಿದ್ದಾರೆ. ಆದರೆ ಅಂಥ ಬೆಳವಣಿಗೆ ನೋವಿನ ಜೊತೆಜೊತೆಗೇ ಇರಬಹುದು, ಮತ್ತು ಅದು ಎಲ್ಲರಿಗೂ ಆಗಲೇಬೇಕು ಅಂತ ಇಲ್ಲ. ಮೊದಲಿನಂತೆ ನಿದ್ದೆ ಬಂದು, ಊಟ ರುಚಿಸಿ, ಒಂದು ತಮಾಷೆಗೆ ನಕ್ಕರೆ ನನಗೆ ಅಷ್ಟೇ ತುಂಬಾ ಸಂತೋಷ.

ಅಮ್ಮ ಕೇಳುವುದು ಬಹುಶಃ ಭಯದಿಂದ. ನೋಡಲು ಆಗದೆ ಕೇಳುತ್ತಾರೆ. 'ಗೊತ್ತಿಲ್ಲಮ್ಮ' ಅಂದರೆ ಅವರ ಭಯ ಹೆಚ್ಚುತ್ತದೆ. 'ಎಷ್ಟು ದಿನ ಅಂತ ಹೇಳೋಕೆ ಆಗಲ್ಲ, ಆದರೆ ಮೊದಲಿಗಿಂತ ಬೇಗ ಏಳ್ತಿದ್ದೀನಿ. ಅದನ್ನು ಕೇಳೋ ಬದಲು ಸಂಜೆ ನನ್ನ ಜೊತೆ ನಡೆಯೋಕೆ ಬಾ' ಅನ್ನಿ. ಮಾಡಲು ಒಂದು ಕೆಲಸ ಸಿಕ್ಕಿದರೆ ಪ್ರೀತಿಸುವವರ ಪ್ರಶ್ನೆಗಳು ತಾವಾಗಿ ಕಡಿಮೆಯಾಗುತ್ತವೆ.

ಕೊನೆಯದಾಗಿ, ನಿಧಾನ ಅನ್ನುವ ಮಾತನ್ನು ಎಲ್ಲಿ ಬಳಸಬಾರದು ಅಂತ ಹೇಳಬೇಕು. ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇದರ ಜೊತೆ ನಿದ್ದೆ, ಹಸಿವು, ಗಮನ ಏರುಪೇರಾಗಿರುವುದು ಎರಡು ವಾರಕ್ಕಿಂತ ಹೆಚ್ಚು ಕಾಲ ಬಿಡದೆ ನಡೆದರೆ ಅದು ಖಿನ್ನತೆ ಇರಬಹುದು. ನೀವು ಬರೆದಿರುವ 'ಕುಸಿದುಬಿಟ್ಟೆ' ಅನ್ನುವ ಮಾತಿನೊಳಗೆ ಇವುಗಳಲ್ಲಿ ಯಾವುದಾದರೂ ಇದೆಯಾ ಅಂತ ನೋಡಿಕೊಳ್ಳಿ. ಇದ್ದರೆ ಈ ವಾರವೇ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ವಾರವೂ ಕಾಯಬೇಡಿ. ಅವತ್ತೇ ಹತ್ತಿರದವರೊಬ್ಬರಿಗೆ ಬಾಯಿಬಿಟ್ಟು ಹೇಳಿ, ಅವರ ಜೊತೆಯಲ್ಲೇ ಆಸ್ಪತ್ರೆಗೆ ಹೋಗಿ. ವೈದ್ಯರು ಮಾತ್ರೆ ಬರೆದುಕೊಟ್ಟರೆ ಅದು ಪೂರ್ತಿ ಕೆಲಸ ತೋರಿಸಲು ಕೆಲವು ವಾರ ಬೇಕು. ಮೊದಲ ವಾರದಲ್ಲಿ ಏನೂ ಆಗಲಿಲ್ಲ ಅಂತ ಬಿಡಬೇಡಿ. ಹುಷಾರಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಲು ಹೇಳುತ್ತಾರೆ, ಇಲ್ಲದಿದ್ದರೆ ಮತ್ತೆ ಮರುಕಳಿಸುವ ಸಾಧ್ಯತೆ ಹೆಚ್ಚು. ನಿಲ್ಲಿಸುವಾಗಲೂ ಅವರನ್ನೇ ಕೇಳಿ, ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿಸುತ್ತಾರೆ.